ಐವತ್ತರ ನೋಟಿನ ಕಾಟ

ಹಂಪಿಯಲ್ಲಿ ಕಲ್ಲಿನ ರಥವನ್ನು ಕಣ್ತುಂಬ ನೋಡೋಣ ಅಂದ್ರೆ ಈ ನೋಟಿನವರು ಬಿಡಬೇಕಲ್ಲ! 2017ರಲ್ಲಿ ಬಂದ ನೀಲಿ ಬಣ್ಣದ 50ರ ನೋಟಿನ ಹಿಂದೆ ರಥ ಅಚ್ಚಾಗಿದ್ದೇ ತಡ, ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ಎಲ್ಲರೂ ಒಂದು ಕಣ್ಣು ಮುಚ್ಚಿ, ಕೈ ಚಾಚಿ, ನೋಟನ್ನು ರಥಕ್ಕೆ ಹೊಂದಿಸುತ್ತ ನಿಂತಿರ್ತಾರೆ. ಗಾಳಿಗೆ ನೋಟು ಮಡಚಿಕೊಳ್ಳುತ್ತೆ, ಮತ್ತೆ ಮೊದಲಿಂದ ಶುರು. “ಅಂಕಲ್, ಸ್ವಲ್ಪ ಸೈಡಿಗೆ ಬನ್ನಿ” ಅಂತ ನಮಗೇ ಆರ್ಡರ್ ಬೇರೆ. ಜೇಬಲ್ಲಿ ಕಾಸಿಲ್ಲದ ಫೋನ್‌ಪೇ ಗಿರಾಕಿಗಳಂತೂ “ಐವತ್ತಿದ್ರೆ ಕೊಡಿ, ಫೋಟೋ ತೆಗೆದು ವಾಪಸ್ ಕೊಡ್ತೀನಿ” ಅಂತಾರೆ!

ರಥದ ಮುಂದಿನ ಆನೆಗಳ ಹಿಂದೆ ಹಳೇ ಕುದುರೆಗಳ ಹಿಂಗಾಲುಗಳು ಇನ್ನೂ ಉಳಿದಿವೆ. ಯಾರಾದ್ರೂ ಬಗ್ಗಿ ನೋಡ್ತಾರಾ? ತುಂಗಭದ್ರೆಯೂ ಅಲ್ಲೇ ಪಕ್ಕದಲ್ಲಿ ಹರೀತಾಳೆ. ಪಾಪ, ಅವಳು ನೋಟಿನಲ್ಲಿಲ್ಲ.