ಮೂಗು ಒಣಗಿದರೆ ಜ್ವರವಲ್ಲ, ಪ್ಯಾರಸಿಟಮಾಲ್ ಕೊಡಬೇಡಿ

"ನಾಯಿ, ಬೆಕ್ಕಿನ ಮೂಗು ಒಣಗಿ ಬಿಸಿಯಾಗಿದ್ದರೆ ಜ್ವರ ಬಂದಿದೆ ಎಂದರ್ಥ. ಅರ್ಧ ಪ್ಯಾರಸಿಟಮಾಲ್ ಕೊಡಿ, ಸಾಕು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಮೊದಲನೆಯ ಮಾತು ತಪ್ಪು. ಎರಡನೆಯದು ಜೀವಕ್ಕೇ ಅಪಾಯ.

ನಿದ್ದೆಯಿಂದ ಎದ್ದಾಗ, ಬಿಸಿಲಲ್ಲಿ ಮಲಗಿದ್ದಾಗ ಗಟ್ಟಿಮುಟ್ಟಾದ ಪ್ರಾಣಿಯ ಮೂಗೂ ಒಣಗುತ್ತದೆ. ಮೈ ಮುಟ್ಟಿದರೂ ಗೊತ್ತಾಗುವುದಿಲ್ಲ. ಅವುಗಳ ಮೈಬಿಸಿಯೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಬೆಚ್ಚಗೆ ಅನ್ನಿಸಲೇಬೇಕು, ಅಲ್ವಾ? ಜ್ವರ ಇದೆಯೇ ಎಂದು ನೋಡಲು ಥರ್ಮಾಮೀಟರೇ ಬೇಕು.

ಮಾತ್ರೆಯದು ಮಾತ್ರ ಸುಮ್ನೆ ಬಿಡುವ ವಿಷಯವಲ್ಲ. ಪ್ಯಾರಸಿಟಮಾಲ್ ಅರಗಿಸಲು ಬೇಕಾದ ಕಿಣ್ವ ಬೆಕ್ಕಿನ ಲಿವರ್‌ನಲ್ಲಿ ತೀರಾ ಕಡಿಮೆ. ಹಾಗಾಗಿ ಅದು ವಿಷವಾಗಿ ರಕ್ತಕಣಗಳನ್ನು ಕೆಡಿಸುತ್ತದೆ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ. ವಸಡು ಕಂದು ಅಥವಾ ನೀಲಿಯಾಗುತ್ತದೆ, ಮುಖ, ಪಾದ ಊದಿಕೊಳ್ಳುತ್ತವೆ, ಉಸಿರು ಏದುಸಿರಾಗುತ್ತದೆ. ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು. "ಮಕ್ಕಳ ಸಿರಪ್ ಆದರೆ ಪರವಾಗಿಲ್ಲ" ಎಂದು ಯಾರೋ ಕೆಳಗೆ ಸೇರಿಸಿದ್ದಾರೆ. ಅದರಲ್ಲಿ ಇರುವುದೂ ಅದೇ ಔಷಧಿ, ಸ್ವಾಮಿ! ನಾಯಿ ಬೆಕ್ಕಿಗಿಂತ ಜಾಸ್ತಿ ತಡೆಯುತ್ತದೆ ನಿಜ, ಆದರೆ ಅದರ ಲಿವರ್‌ಗೂ ಏಟು ಬೀಳಬಹುದು. ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ಕೂಡ ಬೇಡ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ.

ಈಗಾಗಲೇ ಕೊಟ್ಟುಬಿಟ್ಟಿದ್ದರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಹೋಗಬೇಡಿ. ಮಾತ್ರೆಯ ಸ್ಟ್ರಿಪ್ ಹಿಡಿದು ತಕ್ಷಣ ಪಶುವೈದ್ಯರ ಬಳಿ ಹೋಗಿ. ಎಷ್ಟು, ಯಾವಾಗ ಕೊಟ್ಟಿರಿ ಎಂದು ಮುಚ್ಚಿಡದೆ ಹೇಳಿ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ. ಬೇಗ ಕೊಟ್ಟಷ್ಟೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ.