ದೇವರ ಹೆಸರಲ್ಲಿ ಬಿಟ್ಟರೆ ವ್ರತ, ನಾನಾಗಿ ಬಿಟ್ಟರೆ ಹುಚ್ಚು

ಆಟಿಡೊಂಜಿ ದಿನದ (ಅಂದರೆ ತುಳುವರ ಆಟಿ ತಿಂಗಳಲ್ಲೊಂದು ದಿನದ) ಊಟಕ್ಕೆ ಹೋಗಿ ಸಿಟ್ಟು ಮಾಡಿಕೊಂಡು ಬಂದವಳು ಇಡೀ ಮಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು.

ನಿನ್ನೆ ನಮ್ಮ ಕಡೆಯ ಸಂಘವೊಂದರ ಕಾರ್ಯಕ್ರಮ. ಚೆನ್ನೆಮಣೆ ಆಡಿ ಉದ್ಘಾಟನೆ, ಮುಟ್ಟಾಳೆ ಹಾಕಿಸಿ ಸನ್ಮಾನ, ಆಮೇಲೆ ಭಾಷಣ. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು. ನಮ್ಮ ಹಿರಿಯರು ತಿಂದದ್ದೆಲ್ಲ ಮದ್ದು, ಗುಡ್ಡೆಯ ಸೊಪ್ಪು ತಿಂದು ತೊಂಬತ್ತು ವರ್ಷ ಗಟ್ಟಿಮುಟ್ಟಾಗಿ ಬದುಕಿದರು, ಈಗಿನವರು ಪೇಟೆ ತಿಂಡಿ ತಿಂದು ಹಾಳಾದರು ಅಂತ. ನಾನೂ ಚಪ್ಪಾಳೆ ತಟ್ಟಿದೆ. ಊಟಕ್ಕೆ ಕೂತಾಗ ಪುಣ್ಯಕ್ಕೆ ಅವರೇ ನನ್ನ ಪಕ್ಕ. ನನ್ನ ಬಾಳೆಲೆ ನೋಡಬೇಕಿತ್ತು ನೀವು: ಪತ್ರೊಡೆ, ತಜಂಕು ಸೊಪ್ಪಿನ ಅಂಬಡೆ, ಕಣಿಲೆಯ ಅಂದರೆ ಎಳೆ ಬಿದಿರಿನ ಗಸಿ, ಉಪ್ಪಡ್ ಪಚ್ಚಿಲ್‌ನ ಪಲ್ಯ, ಹಲಸಿನ ಬೀಜ ಹಾಕಿದ ಸೌತೆ ಹುಳಿ, ಹುರುಳಿ ಚಟ್ನಿ, ಮೇಲೆ ಕುಚ್ಚಲಕ್ಕಿ ಅನ್ನ. ಕೋರಿರೊಟ್ಟಿಯವರು ಮುಂದೆ ಹೋದರು. ಕೊನೆಗೆ ಮಜ್ಜಿಗೆ ಬಂತು. ಕೈ ಅಡ್ಡ ಹಿಡಿದೆ.

"ಎಂತ, ಶೀತವಾ?"

"ಇಲ್ಲ ಸರ್, ಹಾಲು ಮೊಸರು ತುಪ್ಪ ಎಲ್ಲ ಬಿಟ್ಟಿದ್ದೇನೆ."

"ಅಯ್ಯೋ ದೇವರೇ! ಮತ್ತೆ ನೀವು ತಿನ್ನುದೆಂತ?"

ಎಲೆ ತುಂಬ ಇದೆ ಮಾರಾಯ್ರೆ! ಎಲೆಯಲ್ಲಿ ಬೆರಳಿಡಲಿಕ್ಕೆ ಜಾಗ ಇಲ್ಲ! ಈಗಷ್ಟೇ ಮೈಕಿನಲ್ಲಿ ಹೊಗಳಿದ ಅದೇ ಅಡುಗೆ, ಒಂದು ಐಟಮ್ಮಿನಲ್ಲೂ ಒಂದು ಹನಿ ಹಾಲಿಲ್ಲ. ಅದನ್ನು ತಾವೇ ತಿನ್ನುತ್ತಾ ನನ್ನನ್ನು ಕೇಳುತ್ತಾರೆ, ತಿನ್ನುದೆಂತ ಅಂತ. ಮೇಲಿಂದ ಒಗ್ಗರಣೆ ಬೇರೆ: "ಇದೆಲ್ಲ ಫಾರಿನ್‌ನವರ ಫ್ಯಾಷನ್ ಅಲ್ವಾ."

ನಾನು ಮೀನು ತಿನ್ನುವ ಮನೆಯಲ್ಲಿ ಹುಟ್ಟಿದವಳು, ನಿಮಗೆಲ್ಲ ಗೊತ್ತು. ಬಂಗುಡೆ ಪುಳಿಮುಂಚಿಗೆ ತಮ್ಮನ ಜೊತೆ ಜಗಳ ಮಾಡಿ ದೊಡ್ಡವಳಾದವಳು. ಅಂಥವಳು ಮೀನು ಬಿಟ್ಟಾಗ ನಮ್ಮ ಕುಟುಂಬದಲ್ಲಿ ಯಾರಾದರೂ ಗಲಾಟೆ ಮಾಡಿದರಾ? ಇಲ್ಲ. ದೊಡ್ಡಮ್ಮ ಒಬ್ಬರು ಹತ್ತಿರ ಬಂದು ಸ್ವರ ತಗ್ಗಿಸಿ, "ಹರಕೆ ಎಂತಾದರೂ ಹೇಳಿಕೊಂಡಿದ್ದೀಯಾ ಮಗಾ?" ಅಂತ ಕೇಳಿದರು. ಆ ಪ್ರಶ್ನೆಯಲ್ಲಿ ಒಂದು ಮರ್ಯಾದೆ ಇತ್ತು. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ನನ್ನ ಪಾಲಿಗೆ ಬೇರೆಯೇ ಪಾತ್ರೆಯಲ್ಲಿ ಸಾರು ಇಡುತ್ತಿದ್ದರು. ಇಲ್ಲ ದೊಡ್ಡಮ್ಮ, ಹರಕೆ ಇಲ್ಲ, ನನಗೇ ಬೇಡ ಅನ್ನಿಸಿತು ಅಂದೆ ನೋಡಿ, ಆ ಕ್ಷಣದಿಂದ ನಾನು ರೋಗಿ.

ನನ್ನ ತಕರಾರು ಇದೊಂದೇ. ತಿನ್ನುವುದನ್ನು ಬಿಡುವುದು ನಮ್ಮ ಊರಿಗೆ ಹೊಸ ಸಂಗತಿಯಾ? ಸಂಕ್ರಮಣಕ್ಕೆ ಮೀನಿಲ್ಲ. ಸೋಮವಾರ ಇಲ್ಲ. ಧರ್ಮಸ್ಥಳಕ್ಕೆ ಹೊರಟರೆ ಇಲ್ಲ. ಮಾಲೆ ಹಾಕಿದವನ ಮನೆಯಲ್ಲಿ ಅಷ್ಟೂ ದಿನ ಮೀನಿನ ಪಾತ್ರೆಯೇ ಹೊರಗೆ. "ಪ್ರೋಟೀನಿಗೆ ಎಂತ ಮಾಡ್ತೀರಿ ಸ್ವಾಮಿ?" ಅಂತ ಅಯ್ಯಪ್ಪ ಭಕ್ತರನ್ನು ಒಬ್ಬರಾದರೂ ಕೇಳಿದ್ದುಂಟಾ?

ಹಾಲು ಬಿಡುವುದೂ ಹೊಸತಲ್ಲ. ಉಡುಪಿಗೆ ಹೋಗಿ ಕೇಳಿ. ಚಾತುರ್ಮಾಸ್ಯದ ನಾಲ್ಕು ತಿಂಗಳಿಗೆ ನಾಲ್ಕು ವ್ರತ: ಮೊದಲು ಶಾಕವ್ರತ, ಆಗ ತರಕಾರಿ ಇಲ್ಲ. ಮುಂದೆ ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಒಂದು ತಿಂಗಳು ಹಾಲಿಲ್ಲ. ಕೊನೆಗೆ ದ್ವಿದಳ ವ್ರತ, ಬೇಳೆಕಾಳು ಇಲ್ಲ. ಕೃಷ್ಣನ ಊರಿನಲ್ಲೇ, ಬೆಣ್ಣೆ ಕದ್ದವನ ಎದುರಿಗೇ ಕೂತು, ಒಂದು ತಿಂಗಳು ಹಾಲು ಮುಟ್ಟದವರಿದ್ದಾರೆ. ಅವರನ್ನು ಯಾರಾದರೂ ಫಾರಿನ್ ಫ್ಯಾಷನ್ ಅಂದರಾ? ಒಂದೊಂದೇ ತಿಂಗಳು ಒಂದೊಂದು ಬಿಡುವ ಲೆಕ್ಕ ಅದು, ಹಾಲು ಬಿಟ್ಟ ತಿಂಗಳು ಮೊಸರು ಉಂಟು, ಅವರನ್ನು ವೀಗನ್ ಅಂತ, ಅಂದರೆ ನನ್ನ ಹಾಗೆ ಪ್ರಾಣಿಯಿಂದ ಬರುವ ಯಾವುದನ್ನೂ ತಿನ್ನದವರು ಅಂತ, ನಾನು ಎಳೆದು ತರುವುದಿಲ್ಲ. ಆದರೆ "ಹಾಲಿಲ್ಲದೆ ಮನುಷ್ಯ ಬದುಕುವುದು ಹೇಗೆ" ಅಂತ ಉಡುಪಿ ಜಿಲ್ಲೆಯವರು ಬಾಯಿ ಬಿಟ್ಟು ಕೇಳುವಾಗ ನನಗೆ ನಗುವುದಾ ಅಳುವುದಾ ಗೊತ್ತಾಗುವುದಿಲ್ಲ.

ಫಾರಿನ್ ಅಂತೀರಲ್ಲ, ಹೌದಪ್ಪಾ. 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಕೆಲವು ಜನ ಸೇರಿ ವೀಗನ್ ಸೊಸೈಟಿ ಶುರು ಮಾಡಿದರು. ಮಾಂಸ ಬಿಟ್ಟು ಹಾಲು ಮೊಟ್ಟೆ ಇಟ್ಟುಕೊಂಡ ಸಸ್ಯಾಹಾರಿಗಳ ಜೊತೆ ಸರಿಹೋಗದೆ ಬೇರೆಯಾದವರು ಅವರು. ಸಂಘ ಅವರದ್ದು, ಹೆಸರು ಅವರದ್ದು. ಪತ್ರೊಡೆ ಯಾರದ್ದು?

ಪತ್ರೊಡೆ ಅಮ್ಮನದ್ದು. ಕೆಸುವಿನ ಎಲೆಯನ್ನು ಅಮ್ಮ ಬೆನ್ನು ಮೇಲೆ ಮಾಡಿ ಮಣೆಯಲ್ಲಿ ಹಾಸುತ್ತಾರೆ, ದಪ್ಪ ನರವನ್ನು ಚೂರಿಯಲ್ಲಿ ಕೆತ್ತಿ ಸಪಾಟು ಮಾಡುತ್ತಾರೆ. ಇಲ್ಲದಿದ್ದರೆ ಸುತ್ತುವಾಗ ಎಲೆ ಹರಿಯುತ್ತದೆ. ಅಕ್ಕಿ, ಕಾಯಿ, ಕೊತ್ತಂಬರಿ, ಮೆಣಸು, ಬೆಲ್ಲ ಸೇರಿಸಿ ಕಡೆದ ಹಿಟ್ಟಿಗೆ ಹುಳಿ ಮಾತ್ರ ಧಾರಾಳ. ಹುಳಿ ಕಡಿಮೆಯಾದರೆ ಕೆಸು ಗಂಟಲು ಹಿಡಿಯುತ್ತದೆ, ಆಮೇಲೆ ತಿಂದವರೆಲ್ಲ ಕೆಮ್ಮುತ್ತಾ ಅಡುಗೆಯವಳನ್ನು ಬೈಯುವುದು. ಎಲೆಯ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಎಲೆ, ಪುನಃ ಹಿಟ್ಟು. ಎರಡು ಬದಿ ಒಳಗೆ ಮಡಚಿ, ಬಿಗಿಯಾಗಿ ಸುತ್ತಿ ಅಟ್ಟಿನಳಗೆಯಲ್ಲಿ ಬೇಯಲಿಕ್ಕೆ ಇಟ್ಟರೆ ಮನೆ ಇಡೀ ಪರಿಮಳ. ಆರಿದ ಮೇಲೆ ಬಿಲ್ಲೆ ಬಿಲ್ಲೆ ಕೊಯ್ದು ಅದರ ಮೇಲೆ ತೆಂಗಿನೆಣ್ಣೆ. ಇಷ್ಟರಲ್ಲಿ ದನ ಎಲ್ಲಿ ಬಂತು, ಇಂಗ್ಲೆಂಡ್ ಎಲ್ಲಿ ಬಂತು?

ನೀರುದೋಸೆ, ಮೂಡೆ, ಅರಸಿನ ಎಲೆಯ ಗಟ್ಟಿ, ಕಾಯಿಹಾಲು ಹಾಕಿದ ಹೆಸರುಬೇಳೆ ಪಾಯಸ, ಮಟ್ಟುಗುಳ್ಳದ ಬೋಳುಹುಳಿ, ಬಸಳೆ ಗಸಿ... ಹೇಳುತ್ತಾ ಹೋದರೆ ನನಗೇ ಹಸಿವಾಗುತ್ತದೆ. ಆಟಿ ಅಮಾವಾಸ್ಯೆ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ಕೆತ್ತೆ ತಂದು, ಕಷಾಯ ಕುಡಿದು, ಮುಖ ಹಿಂಡಿ, ಆಮೇಲೆ ತಂಪಿಗೆ ಅಂತ ಕುಡಿಯುವ ಮೆಂತೆ ಗಂಜಿಗೂ ಕಾಯಿಹಾಲೇ.

ನಮ್ಮ ಹಿರಿಯರು ದಯೆಯಿಂದ ಹಾಗೆ ತಿಂದರು ಅಂತ ಮಾತ್ರ ಹೇಳಬೇಡಿ. ಭಾಷಣದವರಿಗೆ ಇದು ಅರ್ಥವಾಗುವುದಿಲ್ಲ. ಆಟಿ ಅಂದರೆ ಹಸಿವು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಸುರಿಯುವ ಮಳೆ, ಮುಡಿಯಲ್ಲಿ, ಅಂದರೆ ಬೈಹುಲ್ಲಿನ ಮೂಟೆಯಲ್ಲಿ, ಅಕ್ಕಿ ತಳ ಕಂಡಿದೆ, ಕಡಲಿಗೆ ಇಳಿಯುವ ಹಾಗಿಲ್ಲ. ಗುಡ್ಡೆಯಲ್ಲಿ ತಾನಾಗಿ ಹುಟ್ಟಿದ ತಜಂಕು, ಬಿದಿರಿನ ಮೊಳಕೆ, ಭರಣಿಯ ಉಪ್ಪುನೀರಿನಲ್ಲಿ ಬೇಸಿಗೆಯಿಂದ ಕೂತ ಹಲಸಿನ ತೊಳೆ, ಇದ್ದದ್ದೇ ಅಷ್ಟು. ಹಾಲು ಎಲ್ಲಿಂದ ಬರಬೇಕು? ಆಗಿನ ಊರ ದನ, ಈಗ ಮಲೆನಾಡು ಗಿಡ್ಡ ಅಂತ ಹೇಳುತ್ತೇವಲ್ಲ, ಮಳೆಗೆ ಮೇದು ಬಂದು ಕೊಡುವುದೇ ಒಂದೆರಡು ಕುಡ್ತೆ. ಅದರಲ್ಲಿ ಕರುವಿನದ್ದು ಬಿಟ್ಟು, ಬಾಣಂತಿಗೆ, ಮಗುವಿಗೆ, ಮನೆಯ ಯಜಮಾನನ ಮಜ್ಜಿಗೆಗೆ. ಹೆಂಗಸರ ಚಾಕ್ಕೆ ಹಾಲು ಬಂದದ್ದೇ ಎಷ್ಟೋ ಆಮೇಲೆ. ದೇಶದಲ್ಲಿ 1970ರಲ್ಲಿ ಹಾಲು ಹೆಚ್ಚಿಸುವ ಆಪರೇಷನ್ ಫ್ಲಡ್ ಯೋಜನೆ ಶುರುವಾಗಿ, ಊರೂರಿಗೆ ಹಾಲಿನ ಸೊಸೈಟಿ ಬಂದು, ಹಟ್ಟಿಗೆ ಜೆರ್ಸಿ ಬಂದ ಮೇಲಿನ ಕಥೆ ಇದು. ಈಗ ನಮ್ಮ ಕಡೆಯ ಯಾವ ಮದುವೆಗೆ ಹೋದರೂ ಪನ್ನೀರ್ ಬಟರ್ ಮಸಾಲ. ಅದು ಯಾವ ಅಜ್ಜಿಯ ಅಡುಗೆ? ಅದಕ್ಕೆ ಫಾರಿನ್ ಅನ್ನಲಿಕ್ಕಿಲ್ಲ. ಕೆಸುವಿನ ಎಲೆ ತಿನ್ನುವ ನಾನು ಫಾರಿನ್.

ಹಸಿವಿನಿಂದ ಬಿಟ್ಟರೆ ಸಂಸ್ಕೃತಿ, ದೇವರಿಗೆ ಬಿಟ್ಟರೆ ವ್ರತ, ಡಾಕ್ಟರು ಹೇಳಿ ಬಿಟ್ಟರೆ ಪಥ್ಯ. ನಾಲ್ಕನೆಯದಕ್ಕೆ ನಮ್ಮಲ್ಲಿ ಕಾಲಮ್ಮೇ ಇಲ್ಲ. ಅದರಲ್ಲೂ ಹೆಂಗಸು ತನ್ನ ಇಷ್ಟಕ್ಕೆ ಒಂದನ್ನು ಬೇಡ ಅಂದರೆ ಇಡೀ ಪಂಕ್ತಿಗೆ ಅವಮಾನ ಆದ ಹಾಗೆ. ಬಡಿಸುವವರು ನಾನು ಕೈ ಅಡ್ಡ ಇಟ್ಟರೂ ಬೆರಳ ಸಂದಿಯಿಂದ ತುಪ್ಪ ಬಿಡುತ್ತಾರೆ. "ಒಂದು ಹನಿಗೆ ಎಂತ ಆಗುದಿಲ್ಲ ಅಕ್ಕ." ಮಾಲೆ ಹಾಕಿದವನ ಎಲೆಗೆ ಒಂದು ಹನಿ ಮೀನಿನ ಸಾರು ಹಾಕಿ ನೋಡಿ, ಎಂತ ಆಗ್ತದೆ ಅಂತ ಗೊತ್ತಾಗ್ತದೆ.

ಯಾಕೆ ಬಿಟ್ಟೆ ಅಂತ ಇಲ್ಲಿ ಬರೆಯಬಾರದು ಅಂದುಕೊಂಡಿದ್ದೆ. ಅಮ್ಮನ ಹಟ್ಟಿಯಲ್ಲಿ ಗಂಡು ಕರು ಹುಟ್ಟಿತು. ಬೆಳ್ಳಗೆ, ಹಣೆಯಲ್ಲಿ ಕಂದು ಬೊಟ್ಟು. ಮೊದಲಾದರೆ ಗದ್ದೆ ಉಳಲಿಕ್ಕೆ ಆಗುತ್ತಿತ್ತು, ಈಗ ಟಿಲ್ಲರ್. ಜೆರ್ಸಿ ಜಾತಿಯ ಗಂಡು ಕರುವನ್ನು ಇಟ್ಟುಕೊಂಡು ಯಾರು ಸಾಕುತ್ತಾರೆ? ಮುಂದಿನ ಸಲ ನಾನು ಹೋದಾಗ ಕರು ಇರಲಿಲ್ಲ. "ಕೊಟ್ಟೆವು" ಅಂದರು ಅಮ್ಮ. ಯಾರಿಗೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ, ಲೋಟದಲ್ಲಿ ಕಾಫಿ ತಂದುಕೊಟ್ಟರು. ಅದು ಗಂಟಲಲ್ಲಿ ಇಳಿಯಲಿಲ್ಲ, ಅಷ್ಟೇ. ದಯವಿಟ್ಟು ಇದನ್ನು ಹಿಡಿದುಕೊಂಡು ಕಮೆಂಟಿನಲ್ಲಿ ಪಾರ್ಟಿ ರಾಜಕೀಯ ಶುರು ಮಾಡಬೇಡಿ. ಮಾಡಿದವರನ್ನು ಬ್ಲಾಕ್ ಮಾಡುತ್ತೇನೆ, ಎರಡೂ ಕಡೆಯವರನ್ನು.

"ಹಾಗಾದರೆ ಹಾಲು ಹಾಕಿ ಬದುಕುವವರ ಗತಿ?" ಈ ಪ್ರಶ್ನೆ ಬರುತ್ತದೆ, ಬರಲಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಕರೆದು, ಕ್ಯಾನು ಹೊತ್ತು ಸೊಸೈಟಿಗೆ ನಡೆದ ಹೆಂಗಸರಲ್ಲಿ ನನ್ನಮ್ಮನೂ ಒಬ್ಬರು. ನನ್ನ ಕಾಲೇಜಿನ ಫೀಸು ಆ ಹಾಲಿನ ದುಡ್ಡು. ಹಾಗಾಗಿಯೇ ಇವತ್ತಿನವರೆಗೆ ಯಾರಿಗೂ "ನೀವು ಬಿಡಿ" ಅಂತ ನಾನು ಹೇಳಿದ್ದಿಲ್ಲ, ಅಮ್ಮನಿಗಂತೂ ಇಲ್ಲವೇ ಇಲ್ಲ. ನಾನೊಬ್ಬಳು ಮಜ್ಜಿಗೆ ಬೇಡ ಅಂದ ಕೂಡಲೇ ಜಿಲ್ಲೆಯ ಹೈನುಗಾರಿಕೆ ಕುಸಿದು ಬೀಳುತ್ತದೆ ಅನ್ನುವವರು, ಪಶು ಆಹಾರದ ಗೋಣಿಗೆ ಈಗ ಎಷ್ಟು ಕ್ರಯ ಅಂತ ಒಮ್ಮೆ ಆ ಹೆಂಗಸರ ಹತ್ತಿರ ಕೇಳಿಕೊಂಡು ಬನ್ನಿ.

ಇನ್ನು ವಾಟ್ಸಾಪ್ ವೈದ್ಯರು. ಬಿ12 ವಿಟಮಿನ್ ಅಂತೀರಿ, ಒಪ್ಪಿದೆ. ಗಿಡಮೂಲದ ಊಟದಲ್ಲಿ ನಂಬುವಷ್ಟು ಬಿ12 ಸಿಗುವುದಿಲ್ಲ, ವೀಗನ್ ಆದವರು ಮಾತ್ರೆ ತೆಗೆದುಕೊಳ್ಳಲೇಬೇಕು, ನಾನು ತೆಗೆದುಕೊಳ್ಳುತ್ತೇನೆ. ಇದರಲ್ಲಿ ಚೌಕಾಸಿ ಇಲ್ಲ. ಯಾರಾದರೂ ಹೊಸಬರು ಶುರು ಮಾಡುವುದಿದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ನನ್ನ ಪೋಸ್ಟ್ ಓದಿ ಹಾರಬೇಡಿ. ಆದರೆ ದಿನಾ ಎರಡು ಲೋಟ ಹಾಲು ಕುಡಿಯುವ ನಮ್ಮವರ ರಿಪೋರ್ಟಿನಲ್ಲೂ ಬಿ12 ಕಡಿಮೆ ಅಂತ ಬರುವುದನ್ನು ನಾನು ಕಂಡಿದ್ದೇನೆ, ಅವರಿಗೆ ಭಾಷಣ ಇಲ್ಲ. ಕ್ಯಾಲ್ಸಿಯಂ? 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಉಂಟು. ನಿಮ್ಮನ್ನೆಲ್ಲ ಸಣ್ಣವರಿರುವಾಗ ರಾಗಿ ಮಣ್ಣಿ ತಿನ್ನಿಸಿಯೇ ದೊಡ್ಡ ಮಾಡಿದ್ದು, ಮರೆತುಹೋಯಿತಾ?

ವ್ಯಾಪಾರದವರ ಮೇಲೂ ಸಿಟ್ಟುಂಟು. ನಗರದ ಒಂದು ಕೆಫೆಯಲ್ಲಿ ಮೆನುವಿನಲ್ಲಿ "ವೀಗನ್ ನೀರುದೋಸೆ" ಅಂತ ಬೇರೆ ಬಾಕ್ಸ್ ಹಾಕಿ, ಕ್ರಯವೂ ಬೇರೆ. ನೀರುದೋಸೆಗೆ ಮತ್ತೆಂತ ಹಾಕುತ್ತಿದ್ದರು ಇವರು, ಬೆಣ್ಣೆಯಾ? ಅಂಗಡಿಯಲ್ಲಿ ಓಟ್ಸ್ ಹಾಲು ಲೀಟರಿಗೆ 300ರ ಹತ್ತಿರ. ಹಿತ್ತಲಲ್ಲಿ ಕಾಯಿ ಬಿದ್ದು ಮೊಳಕೆ ಬರುತ್ತಾ ಇದೆ ಇಲ್ಲಿ. 2022ರಲ್ಲಿ ಆಹಾರ ಸುರಕ್ಷತೆ ನೋಡುವ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ವೀಗನ್ ಆಹಾರಕ್ಕೆ ಅಂತ ಬೇರೆ ನಿಯಮ, ಬೇರೆ ಚಿಹ್ನೆ ಮಾಡಿದ್ದು ಒಳ್ಳೆಯದಾಯಿತು, ಪ್ಯಾಕೆಟ್ಟಿನ ಹಸಿರು ಚುಕ್ಕೆ ಹಾಲಿನ ಪುಡಿಗೂ ಸಲ್ಲುತ್ತದೆ, ಬಿಸ್ಕತ್ತಿನ ಹಿಂದಿನ ಇರುವೆ ಅಕ್ಷರ ಓದಿ ಓದಿ ನನ್ನ ಕನ್ನಡಕದ ನಂಬರ್ ಏರಿತ್ತು. ಆದರೆ ಗಟ್ಟಿಗೆ, ಕಡುಬಿಗೆ ಆ ಚಿಹ್ನೆ ಯಾಕೆ ಬೇಕು? ಸಾರಾಂಶ ಏನೆಂದರೆ ನಗುವವರಿಗೂ ಮಾರುವವರಿಗೂ ಇದು ವಿಮಾನದಲ್ಲೇ ಬಂದಿಳಿದಿರಬೇಕು.

ಎಲ್ಲ ಸುಲಭ ಅಂತ ಸುಳ್ಳು ಹೇಳುವುದಿಲ್ಲ. ಹಾಲಿಲ್ಲದ ಕಣ್ಣ ಚಾ ಅಭ್ಯಾಸ ಆಯಿತು. ತಂಬುಳಿಗೆ ಕಾಯಿಹಾಲು, ಮೇಲೆ ಲಿಂಬೆ, ನಡೆಯುತ್ತದೆ. ಗಡ್‌ಬಡ್ ಐಸ್‌ಕ್ರೀಮಿನ ಎತ್ತರದ ಗ್ಲಾಸು ಪಕ್ಕದ ಟೇಬಲ್ಲಿಗೆ ಬಂದಾಗ ನಾನು ಮೊಬೈಲ್ ನೋಡುತ್ತೇನೆ. ಬನ್ಸ್ ಕೂಡ ಹೇಗೋ ಸಂಭಾಳಿಸಿದ್ದೇನೆ, ಬಾಳೆಹಣ್ಣು ಚೆನ್ನಾಗಿ ಕಳಿತಿದ್ದರೆ ಮೊಸರು ಇಲ್ಲದ್ದು ಗೊತ್ತಾಗುವುದಿಲ್ಲ. ಗೋಳಿಬಜೆ ಮಾತ್ರ ಕೈಗೆ ಸಿಗುತ್ತಿಲ್ಲ ಮಾರಾಯ್ರೆ. ಮಳೆಗೆ ಸಂಜೆ ನಾಲ್ಕು ಗಂಟೆಗೆ ಆ ಬಾಣಲೆಯ ವಾಸನೆ ಬಂದರೆ ಎಲ್ಲ ಸಿದ್ಧಾಂತ ಅಲ್ಲಾಡುತ್ತದೆ. ಮೈದಾಕ್ಕೆ ಮೊಸರಿನ ಬದಲು ಲಿಂಬೆಹುಳಿ ಹಾಕಿ ನೋಡಿದೆ, ಒಳಗೆ ಗಟ್ಟಿ. ಹುಳಿ ಬಂದ ದೋಸೆ ಹಿಟ್ಟು ಸೇರಿಸಿದೆ, ಉಬ್ಬಿತು, ಆದರೆ ಎಣ್ಣೆ ಕುಡಿಯಿತು. ಕಾಯಿಹಾಲನ್ನು ರಾತ್ರಿ ಇಟ್ಟು ಹುಳಿ ಬರಿಸಿ ಮಾಡಿದವರು ಯಾರಾದರೂ ಇದ್ದೀರಾ? ಎಷ್ಟು ಹೊತ್ತು ಇಡಬೇಕು, ಸೋಡಾ ಯಾವಾಗ ಹಾಕಬೇಕು, ಗೊತ್ತಿದ್ದವರು ಕೆಳಗೆ ಬರೆಯಿರಿ. ಪ್ರೋಟೀನ್ ಕೇಳುವವರು ನಾಳೆ ಬನ್ನಿ.