ಜೇಬಿಗೊಂದು ಚಾಕು: ನನ್ನ ಓಟು ಹಳೆಯದಕ್ಕೇ

ಯೂಟ್ಯೂಬಿನಲ್ಲಿ ಚಾಕುಗಳ ರಿವ್ಯೂ ನೋಡುವವರು ನಮ್ಮ ಕಡೆಯೂ ಈಗ ಜಾಸ್ತಿ ಆಗಿದ್ದಾರೆ. ಟ್ರೆಕ್ಕಿಂಗ್ ಹೋಗುವವರು, ಬೈಕಿನಲ್ಲಿ ಊರೂರು ಸುತ್ತುವವರು ಸೇರಿದಾಗ ಈ ಮಾತು ಬಂದೇ ಬರುತ್ತದೆ. ದಿನಾ ಜೇಬಿನಲ್ಲಿ ಇಟ್ಟುಕೊಳ್ಳೋಕೆ ಯಾವುದು ಒಳ್ಳೇದು? ಅಮೆರಿಕದ ಕಂಪನಿಗಳ ಬೆಂಚ್‌ಮೇಡ್ ಬಗ್‌ಔಟಾ, ಸ್ಪೈಡರ್ಕೋನಾ, ಇಕ್ಕಳ ಇರುವ ಲೆದರ್‌ಮನ್ನಾ? ಕೆಂಪು ಹಿಡಿಯ ಸ್ವಿಸ್ ಚಾಕುವಿನ ಹೆಸರು ಎತ್ತಿದರೆ "ಅದು ಅಪ್ಪಂದಿರ ಕಾಲದ್ದು ಬಿಡಿ" ಅಂತ ಪಕ್ಕಕ್ಕೆ ಸರಿಸುತ್ತಾರೆ. ನನಗೆ ಇದು ಒಪ್ಪಿಗೆ ಇಲ್ಲ. ಹೊಸ ಚಾಕುಗಳನ್ನು ಕೈಯಲ್ಲಿ ಹಿಡಿದು, ಬಳಸಿ ನೋಡಿದ ಮೇಲೂ ಹೇಳುತ್ತೇನೆ. ನಮ್ಮಂಥವರ ದಿನದ ಕೆಲಸಕ್ಕೆ ವಿಕ್ಟೋರಿನಾಕ್ಸ್ ಕಂಪನಿಯ ಆ ಕೆಂಪು ಚಾಕುವನ್ನು, ಮಡಚಿದಾಗ 91 ಮಿಲಿಮೀಟರ್ ಉದ್ದ ಇರುವುದನ್ನು, ಮೀರಿಸುವಂಥದ್ದು ಇನ್ನೂ ಬಂದಿಲ್ಲ.

ಹೊಸ ಚಾಕುಗಳು ಅಲಗಿನ ಹಿಂದೆ ಬಿದ್ದಿವೆ. ಅಲಗು ಎಷ್ಟು ಬೇಗ ತೆರೆಯುತ್ತದೆ, ತೆರೆದ ಮೇಲೆ ಮಡಚದ ಹಾಗೆ ಎಷ್ಟು ಗಟ್ಟಿಯಾಗಿ ಲಾಕ್ ಆಗುತ್ತದೆ, ಎಷ್ಟು ದಿನ ಹರಿತ ಉಳಿಯುತ್ತದೆ, ಇದೇ ಅವುಗಳ ಲೆಕ್ಕ. ಆದರೆ ನಾವು ಜೇಬಿಗೆ ಕೈ ಹಾಕುವ ಹೊತ್ತಿನಲ್ಲಿ ಅರ್ಧಕ್ಕರ್ಧ ಸಲ ಬೇಕಾಗುವುದು ಅಲಗಲ್ಲ. ಬೆರಳಿಗೆ ಸಿಬಿರು ಹೊಕ್ಕಿರುತ್ತದೆ, ಚಿಮಟ ಬೇಕು. ಸ್ವಿಚ್ ಬೋರ್ಡಿನ ಸ್ಕ್ರೂ ಸಡಿಲ ಆಗಿರುತ್ತದೆ. ಹೊಸ ಅಂಗಿಯ ಟ್ಯಾಗ್ ಕತ್ತರಿಸಬೇಕು, ಅದಕ್ಕೆ ಕತ್ತರಿಯೇ ವಾಸಿ. ಬೆಲ್ಟಿಗೆ ಇನ್ನೊಂದು ತೂತು ಬೇಕು. ಕನ್ನಡಕದ ಕಡ್ಡಿ ಕಳಚಿ ಬಂದಿರುತ್ತದೆ. ಬಗ್‌ಔಟ್ ಎಷ್ಟೇ ಚೆನ್ನಾಗಿರಲಿ, ಇವುಗಳಲ್ಲಿ ಒಂದಕ್ಕೂ ಆಗಿಬರುವುದಿಲ್ಲ.

ಈ ಚಾಕು ಹುಟ್ಟಿದ್ದೇ ಇಂಥ ಕೆಲಸಗಳಿಗೆ. ಸ್ವಿಟ್ಜರ್ಲೆಂಡಿನ ಇಬಾಕ್ ಎಂಬ ಊರಿನಲ್ಲಿ ವಿಕ್ಟೋರಿನಾಕ್ಸ್ ಕಂಪನಿ ಕಟ್ಟಿದ ಕಾರ್ಲ್ ಎಲ್ಸೆನರ್ 1891ರಲ್ಲಿ ಸ್ವಿಸ್ ಸೇನೆಗೆ ಕೊಟ್ಟ ಸೈನಿಕರ ಚಾಕುವಿನಲ್ಲಿ ಒಂದು ಅಲಗು, ಡಬ್ಬಿ ತೆರೆಯುವ ಸಾಧನ, ತೂತು ಕೊರೆಯುವ ದಬ್ಬಳ, ಒಂದು ಸ್ಕ್ರೂ ಡ್ರೈವರ್ ಇದ್ದವು. ಆಗಿನ ಹೊಸ ರೈಫಲ್ಲನ್ನು ಬಿಚ್ಚಿ ಜೋಡಿಸೋಕೆ ಸ್ಕ್ರೂ ಡ್ರೈವರ್ ಬೇಕೇ ಬೇಕಿತ್ತು. ಆ ಚಾಕು ಭಾರ ಅನ್ನಿಸಿ ಎಲ್ಸೆನರ್ ಹಗುರವಾದ ಇನ್ನೊಂದನ್ನು ಮಾಡಿದರು. 1897ರ ಜೂನ್ 12ಕ್ಕೆ ಅದು ನೋಂದಣಿ ಆಯಿತು. ಇವತ್ತು ನಮ್ಮ ಕಣ್ಣಿಗೆ ಬೀಳುವ ಕೆಂಪು ಚಾಕುಗಳೆಲ್ಲ ಅದರ ಮಕ್ಕಳು ಮೊಮ್ಮಕ್ಕಳು. ಅದರ ಜಾಣತನ ಇರುವುದು ಒಳಗಿನ ಸ್ಪ್ರಿಂಗಿನಲ್ಲಿ. ಒಂದೇ ಉಕ್ಕಿನ ಪಟ್ಟಿ ಮುಂದುಗಡೆ ಅಲಗನ್ನೂ ಹಿಡಿಯುತ್ತದೆ, ಬೆನ್ನ ಕಡೆ ಬಾಟಲಿಯ ಬಿರಡೆ ತೆಗೆಯುವ ಕಾರ್ಕ್ ಸ್ಕ್ರೂವನ್ನೂ ಹಿಡಿಯುತ್ತದೆ. ಹಾಗಾಗಿ ಆರು ಸಾಮಾನಿಗೆ ಎರಡೇ ಸ್ಪ್ರಿಂಗ್ ಸಾಕಾದವು. ಚಾಕು ದಪ್ಪ ಆಗಲಿಲ್ಲ, ಜೇಬು ಜೋತು ಬೀಳಲಿಲ್ಲ. ನೂರು ವರ್ಷ ದಾಟಿದರೂ ಈ ಕಟ್ಟು ಹಾಗೇ ಉಳಿದಿದೆ.

ಈಗ ಹೊಸದರ ಕಡೆ ಬರೋಣ. ಸ್ಪೈಡರ್ಕೋ 1981ರಲ್ಲಿ ಅಲಗಿನ ಬುಡದಲ್ಲಿ ಒಂದು ದುಂಡನೆಯ ತೂತು ಇಟ್ಟಿತು. ಹೆಬ್ಬೆರಳಿಂದ ಒತ್ತಿ ಒಂದೇ ಕೈಯಲ್ಲಿ ತೆರೆಯಬಹುದು. ಜೇಬಿಗೆ ಸಿಕ್ಕಿಸೋಕೆ ಕ್ಲಿಪ್ಪೂ ಬಂತು. ಅಲ್ಲಿಂದಾಚೆ ಅಮೆರಿಕದ ಚಾಕುಗಳ ದಾರಿಯೇ ಬೇರೆ ಆಯಿತು. 2017ರಲ್ಲಿ ಬಂದ ಬಗ್‌ಔಟ್ ಆ ದಾರಿಯ ತುದಿ ಅನ್ನಬಹುದು. ಅಲಗು ಸುಮಾರು 82 ಮಿಲಿಮೀಟರ್, ಒಟ್ಟು ತೂಕ ಬರೀ 52 ಗ್ರಾಂ. ಹಿಡಿದರೆ ಹಿಡಿದ ಹಾಗೇ ಇರುವುದಿಲ್ಲ. ಇಷ್ಟು ಹಗುರದಲ್ಲಿ ಇಷ್ಟು ದೊಡ್ಡ ಅಲಗು, ಅದೂ ಭದ್ರವಾದ ಲಾಕಿನ ಜೊತೆ ಕೊಟ್ಟಿದ್ದಾರೆ ಅಂದರೆ ಮೆಚ್ಚಲೇಬೇಕು. ಆದರೆ ಅದೇ ಆಸುಪಾಸಿನ ತೂಕಕ್ಕೆ, 60 ಗ್ರಾಂ ಹತ್ತಿರ, ವಿಕ್ಟೋರಿನಾಕ್ಸ್ ಸ್ಪಾರ್ಟನ್ ಎರಡು ಅಲಗು, ಸ್ಕ್ರೂ ಡ್ರೈವರ್, ಡಬ್ಬಿ ತೆರೆಯುವುದು, ದಬ್ಬಳ, ಚಿಮಟ ಎಲ್ಲ ಕೊಡುತ್ತದೆ. ಒಂದು ಬಗ್‌ಔಟಿನ ದುಡ್ಡಿಗೆ ಇಂಥವು ಮೂರಾದರೂ ಬರುತ್ತವೆ.

ಉಕ್ಕಿನ ಮಾತು ಬಂದಾಗ ಹುಡುಗರು ಸ್ವಿಸ್ ಚಾಕುವನ್ನು ಆಡಿಕೊಳ್ಳುತ್ತಾರೆ. ಬಗ್‌ಔಟಿನ ಎಸ್30ವಿ ಉಕ್ಕು ಜಾಸ್ತಿ ಗಟ್ಟಿ, ಅದರಲ್ಲಿ ವನೇಡಿಯಂ ಅನ್ನುವ ಲೋಹ ಇದೆ, ಹರಿತ ತುಂಬಾ ದಿನ ನಿಲ್ಲುತ್ತದೆ. ಎಲ್ಲ ನಿಜ. ವಿಕ್ಟೋರಿನಾಕ್ಸ್ ಉಕ್ಕಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 56ರ ಸುಮಾರು, ಮೆತ್ತಗೆ ಅಂತಲೇ ಹೇಳಬೇಕು. ಒಂದಿಷ್ಟು ರಟ್ಟಿನ ಡಬ್ಬ ಕೊಯ್ದರೆ ಮೊಂಡಾಗುತ್ತದೆ. ಆದರೆ ಆಮೇಲೆ ಏನಾಗುತ್ತದೆ ನೋಡಿ. ಎಸ್30ವಿ ಮೊಂಡಾದರೆ ನಮ್ಮ ಮನೆಯ ಸಾಣೆಕಲ್ಲಿಗೆ ಅದು ಬೇಗ ಬಗ್ಗುವುದಿಲ್ಲ. ಬೇಗ ಮಸೆಯೋಕೆ ಡೈಮಂಡ್ ಕಲ್ಲು ಇದ್ದರೆ ವಾಸಿ. ಸ್ವಿಸ್ ಚಾಕುವಿಗೆ ಅಡುಗೆಮನೆಯ ಪಿಂಗಾಣಿ ಕಪ್ಪು ಸಾಕು. ಕಪ್ಪನ್ನು ಬೋರಲು ಹಾಕಿ. ತಳದಲ್ಲಿ ಹೊಳಪು ಇಲ್ಲದ, ಬಿಳೀ ಒರಟು ಉಂಗುರ ಕಾಣುತ್ತದೆ ಅಲ್ವಾ? ಅಲಗನ್ನು ಸ್ವಲ್ಪ ಓರೆ ಹಿಡಿದು, ಬುಡದಿಂದ ಮೊನೆಯ ತನಕ ಅದರ ಮೇಲೆ ಎಳೆಯಿರಿ. ಒಂದು ಸಲ ಈ ಮಗ್ಗುಲು, ಒಂದು ಸಲ ಆ ಮಗ್ಗುಲು. ಕಪ್ಪಿನ ಮೇಲೆ ಬೂದು ಬಣ್ಣದ ಗೆರೆ ಮೂಡುತ್ತದೆ, ಅದು ಉಕ್ಕಿನ ಪುಡಿ. ಎರಡು ನಿಮಿಷ ಆದಮೇಲೆ ಹಳೇ ಪೇಪರ್ ಹಿಡಿದು ಕೊಯ್ದು ನೋಡಿ, ತಡೆಯಿಲ್ಲದೆ ಸೀಳುತ್ತದೆ. ಮೆತ್ತನೆಯ ಉಕ್ಕು ಬಳಸುವವನ ಕೈಯಲ್ಲೇ ಇರುತ್ತದೆ. ಗಟ್ಟಿ ಉಕ್ಕು ಅಂಗಡಿಯವನನ್ನು ಕಾಯುತ್ತದೆ. ವರ್ಷಗಟ್ಟಲೆ ಮಸೆಯದೆ ಮೊಂಡು ಬಿದ್ದಿರುವ ದುಬಾರಿ ಚಾಕುಗಳನ್ನು ನಾನು ಎಷ್ಟೋ ಜನರ ಹತ್ತಿರ ನೋಡಿದ್ದೇನೆ.

ಇನ್ನು ಒಂದು ಕೈಯಲ್ಲಿ ತೆರೆಯುವ ವಿಷಯ. ಏಣಿ ಮೇಲೆ ನಿಂತ ಎಲೆಕ್ಟ್ರಿಷಿಯನ್‌ಗೆ, ದೋಣಿಯಲ್ಲಿ ಒಂದು ಕೈ ಹಗ್ಗಕ್ಕೆ ಕೊಟ್ಟವನಿಗೆ ಅದು ಬೇಕು. ಕೈಗವಸು ಹಾಕಿದ ಸೈನಿಕನಿಗೂ ಬೇಕು. ಅದಕ್ಕೇ ಸ್ವಿಸ್ ಸೇನೆಯೇ 2008ರಲ್ಲಿ ಹೊಸ ಚಾಕು ಆರಿಸಿಕೊಂಡಿತು. 111 ಮಿಲಿಮೀಟರಿನದು, ಒಂದೇ ಕೈಯಲ್ಲಿ ತೆರೆಯುತ್ತದೆ, ಲಾಕ್ ಇದೆ. ಅವರ ಕೆಲಸಕ್ಕೆ ಅದು ಸರಿ. ಆದರೆ ಆಫೀಸಿನಲ್ಲಿ ಕೊರಿಯರ್ ಡಬ್ಬ ತೆರೆಯುವಾಗ ಟಕ್ ಅಂತ ಅಲಗು ಹಾರಿ ಬಂದರೆ ಪಕ್ಕದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ರೈಲಿನಲ್ಲಿ ಸೌತೆಕಾಯಿ ಹೆಚ್ಚುವಾಗ ಎದುರು ಸೀಟಿನ ತಾಯಿ ಮಗುವನ್ನು ಹತ್ತಿರ ಎಳೆದುಕೊಳ್ಳುತ್ತಾಳೆ. ನಾನು ಹೇಳುತ್ತಿರುವ ಕೆಂಪು ಸ್ವಿಸ್ ಚಾಕುವನ್ನು ಹಾಗೆ ತೆರೆಯೋಕೆ ಆಗುವುದೇ ಇಲ್ಲ. ಎರಡು ಕೈ ಬೇಕು, ಉಗುರು ಸಿಕ್ಕಿಸಿ ನಿಧಾನಕ್ಕೆ ಎಳೆಯಬೇಕು. ನೋಡುವವರಿಗೆ ಏನೋ ಕೆಲಸ ಮಾಡ್ತಿದ್ದಾರೆ ಅಂತ ಗೊತ್ತಾಗುತ್ತದೆ. "ಸಾರ್, ಸ್ವಲ್ಪ ಕೊಡ್ತೀರಾ?" ಅಂತ ಕೈ ಚಾಚುತ್ತಾರೆ. ನಾಲ್ಕು ಜನರ ಮಧ್ಯೆ ಹೊರಗೆ ತೆಗೆಯೋಕೆ ಸಂಕೋಚ ಆಗುವ ಚಾಕು ಜೇಬಿನಲ್ಲಿದ್ದೂ ಇಲ್ಲದ ಹಾಗೇ.

ಕಾನೂನೂ ಇದೇ ಕಡೆ ವಾಲುತ್ತದೆ. ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಇರುವ ನಮ್ಮ ಕನ್ನಡದವರು ಇದನ್ನು ಗಮನಿಸಬೇಕು. ಅಲ್ಲಿ ಮಡಚುವ, ಲಾಕ್ ಇಲ್ಲದ, 3 ಇಂಚು ಮೀರದ ಅಲಗಿನ ಚಾಕುವನ್ನು ಕಾರಣ ಹೇಳದೆ ಜೇಬಿನಲ್ಲಿ ಇಟ್ಟುಕೊಳ್ಳಬಹುದು. ಲಾಕ್ ಇದ್ದರೆ ಸರಿಯಾದ ಕಾರಣ ಬೇಕು. 91 ಮಿಲಿಮೀಟರಿನ ಸ್ವಿಸ್ ಚಾಕುವಿನ ಅಲಗು ಅದಕ್ಕಿಂತ ಗಿಡ್ಡ, ಹಾಗಾಗಿ ಅದು ಈ ಮಿತಿಯೊಳಗೆ ಬರುತ್ತದೆ, ಬಗ್‌ಔಟ್ ಬರುವುದಿಲ್ಲ. ನಮ್ಮ ದೇಶದ ಆರ್ಮ್ಸ್ ರೂಲ್ಸ್ ಕಣ್ಣಿಟ್ಟಿರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳ ಮೇಲೆ. ಹಾಗಂತ ಎಲ್ಲ ಕಡೆ ಒಯ್ಯಬಹುದು ಅಂತಲ್ಲ. ವಿಮಾನದಲ್ಲಿ ಯಾವ ಚಾಕುವೂ ಕ್ಯಾಬಿನ್ ಬ್ಯಾಗಿನಲ್ಲಿ ಹೋಗುವುದಿಲ್ಲ, ಚೆಕ್ ಇನ್ ಬ್ಯಾಗಿಗೇ ಹಾಕಬೇಕು.

ಸ್ವಿಸ್ ಚಾಕುವಿನ ಒಂದು ಕೊರತೆಯನ್ನು ಮುಚ್ಚಿಡುವ ಹಾಗಿಲ್ಲ. ಲಾಕ್ ಇಲ್ಲ. ಮೊನೆಯಿಂದ ಗಟ್ಟಿಯಾದದ್ದನ್ನು ಚುಚ್ಚೋಕೆ ಹೋದರೆ ಅಲಗು ಮಡಚಿ ಬೆರಳ ಮೇಲೆ ಬೀಳಬಹುದು. ಮಕ್ಕಳ ಕೈಗೆ ಕೊಡುವಾಗ ಇದನ್ನು ಮೊದಲು ಹೇಳಿಕೊಡಿ. ಎಳೆದು ಕೊಯ್ಯಬೇಕು, ಚುಚ್ಚಬಾರದು. ಕಾಡಿನಲ್ಲಿ ಕಟ್ಟಿಗೆ ಕೆತ್ತುವ ಕೆಲಸ ಜಾಸ್ತಿ ಇರುವವರು ಲಾಕ್ ಇರುವುದನ್ನೇ ತಗೊಳ್ಳಲಿ.

ಲೆದರ್‌ಮನ್ ಬಗ್ಗೆ ನನಗೆ ಗೌರವ ಇದೆ. ಟಿಮ್ ಲೆದರ್‌ಮನ್ 1975ರಲ್ಲಿ ಹಳೇ ಫಿಯಟ್ ಕಾರಿನಲ್ಲಿ ಯೂರೋಪ್ ಸುತ್ತುವಾಗ ಜೇಬಿನ ಚಾಕುವಿನಲ್ಲಿ ಒಂದು ಇಕ್ಕಳ ಇದ್ದಿದ್ದರೆ ಅಂತ ಆಸೆಪಟ್ಟರು. ಆ ಆಸೆ 1983ರಲ್ಲಿ ಮಾರುಕಟ್ಟೆಗೆ ಬಂತು. ಕಾರಿನ ಡ್ಯಾಶ್‌ಬೋರ್ಡಿಗೆ, ಬೈಕಿನ ಟೂಲ್ ಡಬ್ಬಕ್ಕೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ. ಆದರೆ ಲೆದರ್‌ಮನ್ ವೇವ್ ಸುಮಾರು 240 ಗ್ರಾಂ ತೂಗುತ್ತದೆ. ಪಂಚೆ ಉಟ್ಟವರು, ತೆಳು ಪ್ಯಾಂಟ್ ಹಾಕಿದವರು ಅದನ್ನು ದಿನಾ ಹೊರುವುದುಂಟಾ?

ನಿಜವಾದ ಪೈಪೋಟಿ ಕೊಡುವುದು ಸ್ಟೇಷನರಿ ಅಂಗಡಿಯ ಪೇಪರ್ ಕಟರ್. ತುದಿ ಮೊಂಡಾದರೆ ಮುರಿದು ಹಾಕುವ ಆ ಅಲಗು 1956ರಲ್ಲಿ ಜಪಾನಿನಲ್ಲಿ ಹುಟ್ಟಿತು. ಮಸೆಯುವ ತಾಪತ್ರಯ ಇಲ್ಲ, ಬೆಲೆ ಚಿಲ್ಲರೆ ಕಾಸು. ಡಬ್ಬ ತೆರೆಯೋಕೆ ಅದೇ ಮೇಲು ಅಂತ ಒಪ್ಪುತ್ತೇನೆ. ಆದರೆ ಅದರಿಂದ ಸೀಬೆಹಣ್ಣು ಹೆಚ್ಚಿ ಕೊಡಿ ನೋಡೋಣ, ಯಾರೂ ತಿನ್ನುವುದಿಲ್ಲ. ಮುರಿದ ಚೂರುಗಳು ಕಸದ ಚೀಲಕ್ಕೆ ಹೋಗಿ ಪೌರಕಾರ್ಮಿಕರ ಕೈ ಕೊಯ್ಯುತ್ತವೆ. ಬಳಸುವವರು ದಯವಿಟ್ಟು ಆ ಚೂರುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಮುಚ್ಚಿಡಿ.

2001ರ ಸೆಪ್ಟೆಂಬರ್ ದಾಳಿಯ ನಂತರ ವಿಮಾನ ನಿಲ್ದಾಣಗಳಲ್ಲಿ ಚಾಕು ಮಾರಾಟ ನಿಂತು ವಿಕ್ಟೋರಿನಾಕ್ಸ್‌ಗೆ ದೊಡ್ಡ ಪೆಟ್ಟು ಬಿತ್ತು. ಅದನ್ನೂ ದಾಟಿ ಬಂದ ಕಂಪನಿ, ಅಲಗೇ ಇಲ್ಲದ ಜೇಬಿನ ಉಪಕರಣ ತಯಾರಿಸುತ್ತಿದ್ದೇವೆ ಅಂತ 2024ರಲ್ಲಿ ಹೇಳಿತು. ಚಾಕು ಕಾನೂನು ಬಿಗಿಯಾಗುತ್ತಿರುವ ದೇಶಗಳಿಗೆ ಅದು ಬೇಕಾಗಬಹುದು. ಆದರೆ ಅದಕ್ಕಾಗಿ ಹಳೆಯದು ಅಂಗಡಿಯಿಂದ ಮರೆಯಾಗುವ ಹಾಗೆ ಆಗಬಾರದು.

ಈಗ ಕೊಳ್ಳಬೇಕು ಅಂತ ಇರುವವರಿಗೆ ನಾನು ಹೇಳುವುದು ವಿಕ್ಟೋರಿನಾಕ್ಸಿನದೇ ಕ್ಲೈಂಬರ್. 82 ಗ್ರಾಂ. ಸ್ಪಾರ್ಟನ್‌ನಲ್ಲಿ ಇಲ್ಲದ ಕತ್ತರಿ ಇದರಲ್ಲಿದೆ, ಆ ಕತ್ತರಿಯ ರುಚಿ ಹತ್ತಿದರೆ ಬಿಡುವುದು ಕಷ್ಟ. ಬೆನ್ನ ಕಡೆ ಒಂದು ಕೊಕ್ಕೆ ಇದೆ. ತರಕಾರಿ ಚೀಲದ ಹಿಡಿ ಬೆರಳು ಕೊಯ್ಯುವಾಗ ಅದಕ್ಕೆ ನೇತುಹಾಕಿ ಹಿಡಿದುಕೊಳ್ಳಬಹುದು. ನಮ್ಮ ಮನೆಗಳಲ್ಲಿ ಕಾರ್ಕ್ ಸ್ಕ್ರೂ ಯಾಕೆ ಅಂತ ಕೇಳಬೇಡಿ. ಬಿಗಿದು ಹೋದ ಸುತಲಿಯ ಗಂಟು ಬಿಚ್ಚೋಕೆ ಅದರ ಮೊನೆಯಷ್ಟು ಒಳ್ಳೇದು ಇನ್ನೊಂದಿಲ್ಲ. ಅದರ ಸುರುಳಿಯೊಳಗೆ ತಿರುಗಿಸಿ ಇಡುವ ಪುಟ್ಟ ಸ್ಕ್ರೂ ಡ್ರೈವರ್ ಬೇರೆಯಾಗಿ ಸಿಗುತ್ತದೆ, ಕನ್ನಡಕ ಹಾಕುವವರು ಮರೆಯದೆ ತಗೊಳ್ಳಿ. ಡಬ್ಬಿ ತೆರೆಯುವುದರ ತುದಿ ಪ್ಲಸ್ ಸ್ಕ್ರೂಗೂ ಕೂರುತ್ತದೆ. ಫುಟ್‌ಪಾತಿನಲ್ಲಿ ಮಾರುವ ಕೆಂಪು ಚಾಕುಗಳಿಂದ ದೂರ ಇರಿ. ದೊಡ್ಡ ಅಲಗಿನ ಬುಡದಲ್ಲಿ ಕಂಪನಿಯ ಹೆಸರು ಅಚ್ಚಾಗಿರುತ್ತದೆ, ಕೊಳ್ಳುವ ಮುಂಚೆ ಅಲಗು ತೆರೆದು ಅದನ್ನು ನೋಡಿ.